ಶಿವಡಿ ಜೆಟ್ಟಿಯಲ್ಲಿ ಎಣಿಕೆ

ಇಳಿತ ಶುರುವಾಗಿದ್ದು ಏಳೂ ಇಪ್ಪತ್ತಕ್ಕೆ.
ಕೆಸರು ಮೊದಲು ಹೊಳೆಯಿತು, ಆಮೇಲೆ ನಾರಿತು.
ಆರ್ಮೈಟಿ ನನ್ನ ಕೈಗೊಂದು ನಮೂನೆ ಕೊಟ್ಟಳು,
ಎರಡೇ ಕಾಲಮು: ದೊಡ್ಡದು, ಚಿಕ್ಕದು.
"ಅಂಕಲ್, ಎತ್ತರ ನೋಡಬೇಡಿ, ಕೊಕ್ಕು ನೋಡಿ."

ಚಿಕ್ಕದರ ಕೊಕ್ಕು ಕಡುಗೆಂಪು,
ದೂರಕ್ಕೆ ಒಣಗಿದ ರಕ್ತದ ಕಪ್ಪು.
ದೊಡ್ಡದರದು ತಿಳಿಗುಲಾಬಿ, ತುದಿ ಮಾತ್ರ
ಮಸಿಕುಡಿಕೆಯಲ್ಲಿ ಅದ್ದಿ ತೆಗೆದಂತೆ.
ಒಂದು ನೀರು ಸೋಸಿ ಪಾಚಿ ತಿನ್ನುತ್ತದೆ,
ಇನ್ನೊಂದು ಸೀಗಡಿ ಮರಿ, ಹುಳ, ಸಿಕ್ಕಿದ್ದು.
ಕುಟುಂಬ ಒಂದೇ, ಕುಲ ಬೇರೆ.
ಹಿಂದೆ ಒಂದೇ ಮನೆಯಲ್ಲಿದ್ದವಂತೆ,
ಪುಸ್ತಕದವರು ಪಾಲು ಮಾಡಿಕೊಟ್ಟರು.

ನಮ್ಮ ಕಡೆ ಇವಕ್ಕೆ ರಾಜಹಂಸ ಅನ್ನುತ್ತಾರೆ.
ರಾಜನೂ ಅಲ್ಲ, ಹಂಸವೂ ಅಲ್ಲ.
ವಂಶವಾಹಿ ಬಿಡಿಸಿದವರ ಪ್ರಕಾರ
ಹತ್ತಿರದ ನೆಂಟ ಗುಳುಮುಳುಕ,
ಬುಳಕ್ಕನೆ ಮುಳುಗಿ ಮತ್ತೆಲ್ಲೋ ಏಳುವ
ಬಾಲವಿಲ್ಲದ ಮೋಟು ಹಕ್ಕಿ.
ಮದುವೆಯಲ್ಲಿ ಇಂಥ ನೆಂಟರನ್ನು
ಕೊನೆಯ ಪಂಕ್ತಿಗೆ ಕರೆಯುತ್ತೇವೆ.

ನಮೂನೆಯ ಅಡಿಯಲ್ಲಿ, ಸಣ್ಣಕ್ಷರದಲ್ಲಿ, ಸ್ಥಿತಿ.
ದೊಡ್ಡದು: ಕನಿಷ್ಠ ಕಾಳಜಿ.
ಚಿಕ್ಕದು: ಅಪಾಯದ ಹತ್ತಿರ.
ತಲೆಯೆತ್ತಿದರೆ
ಕಣ್ಣೆಟುಕುವವರೆಗೂ ಚಿಕ್ಕವೇ.
ಸೇತುವೆಯ ಕಂಬಗಳ ನಡುವೆ, ತುಕ್ಕು ಹಿಡಿದ ದೋಣಿಗಳಾಚೆ,
ಹತ್ತರ ಕಟ್ಟು, ನೂರರ ಕಟ್ಟು,
ನಾಲ್ಕು ಸಾವಿರದ ಇನ್ನೂರಕ್ಕೆ ನಾನು ಸೋತೆ.
ದೊಡ್ಡವು? ಹನ್ನೊಂದು.
ಅದರಲ್ಲೂ ಒಂದು, ಮಂಜು ಸರಿದ ಮೇಲೆ, ಬೆಳ್ಳಕ್ಕಿ.

"ಅದಲುಬದಲು ಬರೆದಿದ್ದಾರೆ" ಎಂದೆ.
"ಇಲ್ಲ ಅಂಕಲ್. ಇವು ಮರಿ ಮಾಡುವ ನೀರು
ಕೆಲವೇ ಕಡೆ ಇದೆ. ಇಷ್ಟೂ ಅಲ್ಲಿಂದಲೇ ಬರಬೇಕು.
ಅದು ಕೆಟ್ಟರೆ..."
ದುರ್ಬೀನಿನ ಗಾಜು ಒರೆಸತೊಡಗಿದಳು.

ಇಪ್ಪತ್ತೊಂದು ವರ್ಷ ಪರೇಲಿನ ರೇಷನ್ ಕಚೇರಿಯಲ್ಲಿ
ಹಳದಿ, ಕೇಸರಿ, ಬಿಳಿ ಕಾರ್ಡು ಬರೆದವ ನಾನು.
ಸಾಲು ಬೀದಿಗೆ ಹರಿದ ದಿನ
ಇಷ್ಟು ಜನ ಇದ್ದಾರೆ, ಇವರಿಗೇನಾಗುತ್ತೆ
ಎಂದುಕೊಂಡು ಚಹಾಕ್ಕೆ ಎದ್ದಿದ್ದೆ.
ಎಲ್ಲರೂ ಒಂದೇ ಮಿಲ್ಲಿನ ಗೇಟಿನಿಂದ ಬಂದವರೇ
ಎಂದು ಕೇಳಿರಲಿಲ್ಲ.
ನಮೂನೆಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

ಮೊಣಕಾಲುದ್ದ ಕೆಸರಿನಿಂದ ಪಾಗಧರೆ ಬಾಯಿ
ಚಿಪ್ಪಿನ ಬುಟ್ಟಿ ಎತ್ತಿ ಹಿಡಿದು ಕೂಗಿದಳು:
"ಕಿತಿ ಝಾಲೆ, ಸಾಹೇಬ್?"
ಅವಳಿಗೆ ಎರಡೂ ರೋಹಿತ್.

ಹನ್ನೊಂದು ಹೊಡೆದು ಹತ್ತು ಮಾಡಿದೆ,
ತಿದ್ದಿದ್ದರ ಪಕ್ಕ ಸಹಿ, ಕಚೇರಿಯ ಚಟ.
ಕಾಳಜಿ ಬೇಡದ ಆ ಹತ್ತೂ
ಕೊಕ್ಕು ತಲೆಕೆಳಗು ಮಾಡಿ
ನೀರಿನೊಳಗೆ ಏನನ್ನೋ
ಓದುತ್ತಿದ್ದವು.