ಕ್ರಯದ ಮೊತ್ತ, ಅಕ್ಷರದಲ್ಲಿ

ಮಿಲಾನಿನಲ್ಲಿ ಗುರುವಾರ ಮಧ್ಯಾಹ್ನ
ಮನೆಗೆಲಸದವರಿಗೆ ಅರ್ಧ ದಿನ ಬಿಡುವು.
ಫಿಲಿಪ್ಪೀನ್ಸ್ ಕಾನ್ಸುಲೇಟಿನ ಎದುರು ಕಾಫಿ ಅಂಗಡಿಯಲ್ಲಿ
ನನ್ನದೊಂದು ಮೇಜು, ಕುಂಟು.
ಹತ್ತು ಯೂರೋಗೆ ಒಂದು ಅಧಿಕಾರಪತ್ರ,
ಅಳುವವರಿಗೆ ಕಾಗದದ ಕರವಸ್ತ್ರ ಪುಕ್ಕಟೆ.

ಕ್ರಿಸಾಂತಾ ಅಳಲಿಲ್ಲ.
ಕೋಟು ಬಿಚ್ಚದೆ ಕೂತು ಚೀಲದಿಂದ
ಬಿಸ್ಕತ್ತಿನ ಡಬ್ಬಿ ತೆಗೆದಳು. ಒಳಗೆ ಹಕ್ಕುಪತ್ರದ ನಕಲು,
ಕಂದಾಯದ ರಸೀದಿ, ಮನೆಯದೊಂದು ಫೋಟೊ:
ಬತಾಂಗಾಸಿನ ಗುಡ್ಡದ ಮೇಲೆ, ಕಡಲಿಗೆ ಮುಖ ಮಾಡಿ
ಎರಡು ಮಹಡಿ, ಇಟಲಿಯ ಮಾದರಿಯ ಕಮಾನು,
ಬಿಳಿ ಕಂಬಕ್ಕೆ ಇನ್ನೂ ಸುತ್ತಿದ ಪ್ಲಾಸ್ಟಿಕ್ಕು.
"ಎಷ್ಟು ರಾತ್ರಿ ಮಲಗಿದ್ದೀರಿ ಅಲ್ಲಿ?"
ನಮೂನೆಯಲ್ಲಿಲ್ಲದ ಪ್ರಶ್ನೆ. ಬಾಯಿ ತಪ್ಪಿ ಕೇಳಿದೆ.
ಬೆರಳು ಮಡಿಚಿ ಎಣಿಸಿದಳು. "ನಲವತ್ತೊಂದು.
ಅದರಲ್ಲಿ ಮೂರು, ಕರೆಂಟಿಲ್ಲದೆ ಅಂಗಳದಲ್ಲಿ."

ಮನೆ ಕಟ್ಟಿ ನೋಡು ಅನ್ನುತ್ತಾರೆ ತಿಳಿದವರು.
ಮಾರಿ ನೋಡು ಅಂದವರಿಲ್ಲ, ಅದೂ
ಹತ್ತು ಸಾವಿರ ಕಿಲೋಮೀಟರ್ ಆಚೆ ಕೂತು.
ಗಂಡನ ಒಪ್ಪಿಗೆ ಬೇಕು. ಗಂಡ ಇರುವುದು ಹಡಗಿನಲ್ಲಿ,
ಹಡಗು ಇರುವುದು ಎಲ್ಲೋ.
ಅವಳ ಪರವಾಗಿ ಅಲ್ಲಿ ನಿಲ್ಲಲು ಒಬ್ಬ ನಾದಿನಿ;
ನಾದಿನಿಯ ಹೆಸರಲ್ಲಿ ಒಂದಕ್ಷರ ತಪ್ಪಿತೋ
ಮೂರು ತಿಂಗಳ ಓಡಾಟ ನೀರಿನಲ್ಲಿ ಹೋಮ.

ಆಮೇಲೆ ತೆರಿಗೆ. ಹೆಸರಿಗೆ ಲಾಭದ ತೆರಿಗೆ,
ನೂರಕ್ಕೆ ಆರು,
ಲಾಭವಾಯಿತೇ ಎಂದು ಮಾತ್ರ ಅದು ಕೇಳುವುದಿಲ್ಲ.
ಒಪ್ಪಿದ ಬೆಲೆ, ಸರಕಾರ ಕಟ್ಟಿದ ಬೆಲೆ,
ಯಾವುದು ಹೆಚ್ಚೋ ಅದರ ಕೊರಳಿಗೆ ಕೈ.
ಅದರ ಮೇಲೆ ಮುದ್ರಾಂಕ, ಪ್ರಾಂತ್ಯಕ್ಕೊಂದು ಪಾಲು.
ಪೆನ್ನು ಕೆಳಗಿಟ್ಟು, ದನಿ ತಗ್ಗಿಸಿ
ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
"ಸರಕಾರದ ಬೆಲೆಯನ್ನಷ್ಟೇ ಬರೆಯೋಣ, ಅಕ್ಕ.
ಐವತ್ತು ಲಕ್ಷ ಪೆಸೊ ಯಾಕೆ? ಇಪ್ಪತ್ತೆಂಟು ಸಾಕು.
ಉಳಿದದ್ದು ಕೈಯಿಂದ ಕೈಗೆ. ಕೊಳ್ಳುವವನೂ ಒಪ್ಪುತ್ತಾನೆ."

ಕೊಳ್ಳುವವನು ಅದೇ ಬೀದಿಯವನು. ಜಿನೋವಾದಲ್ಲಿ
ಯಾರದೋ ತಂದೆಗೆ ತುತ್ತು ತಿನ್ನಿಸುವ ಕೆಲಸ.
ಅವನು ಅಲ್ಲಿ ಮಲಗುವುದೂ ಯಾವಾಗಲೋ.

ಅವಳು ಕಪ್ಪಿನ ತಳದ ಸಕ್ಕರೆ ಕೆದಕಿದಳು.
"ಮೊದಲ ಎರಡು ವರ್ಷ ಅಡಿಪಾಯ. ಒಡತಿಯ ಅಮ್ಮನ ಬೆನ್ನು ಉಜ್ಜಿದ್ದು.
ಮೆಟ್ಟಿಲು, ಇಬ್ಬರು ಮಕ್ಕಳ ಜ್ವರ. ನನ್ನ ಮಕ್ಕಳಲ್ಲ.
ಕಮಾನಿಗೆ ಮೂರು ಕ್ರಿಸ್‌ಮಸ್ ಹೋದವು.
ಬಚ್ಚಲಿನ ಕಲ್ಲಿಗೆ..."
ಅಲ್ಲಿಗೆ ನಿಲ್ಲಿಸಿದಳು.
"ಅರ್ಧ ಬರೆದರೆ, ಯಾವ ಅರ್ಧ ಬಿಡುತ್ತೀರಿ?"

ಅವಳ ಪೂರ್ತಿ ಹೆಸರು ನಾನು ಸರಿಯಾಗಿ ಓದಿದ್ದು ಆಗ:
ದಿಮಾಕುಲಾಂಗನ್. ನಮ್ಮ ನುಡಿಯಲ್ಲಿ,
ಕಡಿಮೆ ಮಾಡಲಾಗದ್ದು.
ಅಂಥ ಹೆಸರುಗಳು ನಮ್ಮಲ್ಲಿ ಬಹಳ, ನಾವೇ ನಗುತ್ತೇವೆ.
ನಗದೆ ಬರೆದೆ, ಅಂಕಿಯಲ್ಲಿ, ಅಕ್ಷರದಲ್ಲಿ:
ಐವತ್ತು ಲಕ್ಷ ಪೆಸೊ ಮಾತ್ರ.

"ಮಾತ್ರ ಯಾಕೆ?"
"ರೂಢಿ. ಮುಂದೆ ಯಾರೂ ಏನೂ ಸೇರಿಸಬಾರದೆಂದು."
"ತೆಗೆಯಿರಿ."
ಹೊಸ ಹಾಳೆ ತೆಗೆದುಕೊಂಡೆ. ಅದಕ್ಕೆ ದುಡ್ಡು ಹಿಡಿಯಲಿಲ್ಲ.

ಒಳಗೆ, ಕೌಂಟರಿನಲ್ಲಿ, ಹೆಬ್ಬೆರಳು ಒತ್ತಿದಳಂತೆ. ಮೂಡಲಿಲ್ಲ.
ಮತ್ತೆ ಒತ್ತಿದಳು. ಬ್ಲೀಚು ಗೆರೆಗಳನ್ನು ಎಂದೋ ತಿಂದಿತ್ತು.
ನಾಲ್ಕನೆಯ ಸಲ ಅಂಚೊಂದು ಬಂತು, ಸಾಕು ಅಂದನಂತೆ ಗುಮಾಸ್ತ.

ಹೊರಬಂದವಳು ನನ್ನ ಮೇಜಿಗೇ ಬಂದಳು.
"ದುಡ್ಡು ಇಲ್ಲಿನ ಬ್ಯಾಂಕಿಗೆ ಬಂದಾಗ
ಎಲ್ಲಿಂದ ಬಂತು ಅಂತ ಕೇಳುತ್ತಾರಂತೆ?"
"ಕೇಳುತ್ತಾರೆ."
"ಇಲ್ಲಿಂದಲೇ ಹೋದದ್ದು ಅಂತ ಬರೆಯಲು
ಜಾಗ ಇರುತ್ತದೆಯೇ?"

ಅದು ಬೇರೆ ನಮೂನೆ. ನನ್ನ ಹತ್ತಿರ ಇರಲಿಲ್ಲ.
ಬರುವ ಗುರುವಾರ ಬನ್ನಿ, ಅಂದೆ.
ಖಾಲಿ ಡಬ್ಬಿಯನ್ನು ಮೇಜಿನ ಕುಂಟು ಕಾಲಿಗೆ
ಒಮ್ಮೆ ಆನಿಸಿ ನೋಡಿ, ಸರಿಹೋಗದೆ,
ಚೀಲಕ್ಕೆ ಹಾಕಿಕೊಂಡು ಟ್ರಾಮಿಗೆ ಓಡಿದಳು.