ಮೂರನೆಯ ಬೀಗದಕೈ

ಸಂಬುಯಿಲಿಯಲ್ಲಿ ಸಂತೆ ಆರು ದಿನಕ್ಕೊಮ್ಮೆ.
ಏಳರ ಲೆಕ್ಕ ತಮಾಲೆ ಪಟ್ಟಣದವರಿಗೆ.

ಬೇವಿನ ಬುಡದಲ್ಲಿ ನನ್ನ ಜಾಗ.
ಒಡೆದ ಸೋರೆಬುರುಡೆ ಹೊಲಿಯುವವನು, ನಪಾರಿ.
ದಬ್ಬಳ ಕೆಂಡದಲ್ಲಿ, ದಾರ ಹಲ್ಲಿನಲ್ಲಿ.
ಬಿರುಕಿನ ಎರಡೂ ದಡಕ್ಕೆ ತೂತು ಕೊರೆದು
ಎಳೆದು ಬಿಗಿದರೆ
ಇನ್ನೆರಡು ಮಳೆಗಾಲ ಗಂಜಿ ಸೋರುವುದಿಲ್ಲ.
ಸೋರಿದರೆ ತನ್ನಿ, ಬೈಯಿರಿ, ಮತ್ತೆ ಹೊಲಿಯುತ್ತೇನೆ.

ಎಡಕ್ಕೆ ಕಮ್ಮಾರ ನೇಂದೊ:
ಲಾರಿಯ ಮುರಿದ ಪಟ್ಟಿ ಬಡಿದು ಗುದ್ದಲಿ ಮಾಡುತ್ತಾನೆ,
ಮಾತು ಮಾತ್ರ ಮಾಡುವುದಿಲ್ಲ.
ಬಲಕ್ಕೆ ಹೆಗ್ಗೆಣಸು, ಮಲಗಿದ ಕರುಗಳ ಹಾಗೆ.
ಎದುರಿಗೆ ಶಿಯಾ ಬೆಣ್ಣೆಯ ಹೆಂಗಸರು, ಮೂವತ್ತೊಂದು ಜನ,
ನಡುವೆ ಅವರ ನೀಲಿ ತಗಡಿನ ಪೆಟ್ಟಿಗೆ.

ಪೆಟ್ಟಿಗೆಗೆ ಮೂರು ಬೀಗ.
ಮೂರು ಕೈ, ಮೂರು ಮನೆಯಲ್ಲಿ.
ಪೆಟ್ಟಿಗೆ ಮಲಗುವುದು ನಾಲ್ಕನೆಯ ಮನೆಯಲ್ಲಿ.
ಕದಿಯಬೇಕಾದರೆ ಮೂವರು ಒಪ್ಪಬೇಕು,
ಅದಕ್ಕೇ ಈ ಉಪಾಯ.
ಕೊಡಬೇಕಾದರೂ ಮೂವರು ಒಪ್ಪಬೇಕು,
ಇದು ಆಗ ಯಾರಿಗೂ ಹೊಳೆಯಲಿಲ್ಲ.

ಇವತ್ತು ಮೆಮುನಾತು ಬಂದಳು, ಸನಾತು ಬಂದಳು.
ಫುಸೇನಾ ಇಲ್ಲ.

ಹೋದ ಸಂತೆಗೆ ತಡವಾಗಿ ಬಂದಿದ್ದಳು.
ಎರಡು ಸೆಡಿ ದಂಡ ಅಂದರು.
ಗಿನಿಕೋಳಿಗಳು ಬೇಲಿ ಹಾರಿದವು,
ನೀವು ಹಿಡಿದು ಕೊಡುತ್ತಿದ್ದಿರಾ, ಅಂದಳು.
ಎಲ್ಲರೂ ನಕ್ಕರು.
ಅವಳ ಸಿಟ್ಟು ದಂಡಕ್ಕಲ್ಲ, ನಗೆಗೆ.
ನಾನೂ ನಕ್ಕಿದ್ದೆ.

ಇವತ್ತು ಅಝಾರಾಳಿಗೆ ಸಾಲ ಬೇಕು.
ಗಡಿಗೆ ಮಾಡುವವಳು. ಹೋದ ಆವಿಗೆಯಲ್ಲಿ
ನಲವತ್ತಕ್ಕೆ ಹದಿನೇಳು ಸಿಡಿದವು.
ಸೌದೆಯ ಲಾರಿ ಹೊತ್ತು ಇಳಿಯುವ ಮುಂಚೆ ಹೊರಡುತ್ತದೆ,
ಚಾಲಕ ಆಗಲೇ ಎರಡು ಸಲ ಹಾರ್ನ್ ಒತ್ತಿದ್ದಾನೆ.
ಅವಳು ಏನೂ ಕೇಳುತ್ತಿಲ್ಲ,
ಉಗುರಿನ ಸಂದಿಯ ಮಣ್ಣು ಕೆದಕುತ್ತ ಕೂತಿದ್ದಾಳೆ.

ಯಾರೋ ನೇಂದೊನ ಕಡೆ ನೋಡಿದರು.
ಒಂದೇ ಏಟಿನ ಕೆಲಸ. ಬೀಗ ಅವನೇ ಮಾಡಿದ್ದು.
ಸುತ್ತಿಗೆಯನ್ನು ಆತ ತೊಡೆಯ ಕೆಳಗೆ ಇಟ್ಟುಕೊಂಡ.
"ಮೂರು ಅಂದಮೇಲೆ ಮೂರು,"
ಎಂದ. ಆ ದಿನದ ಮಾತು ಅಲ್ಲಿಗೆ ಮುಗಿಯಿತು.

ಒಣಗಾಳಿಯ ಧೂಳು ಬೆಣ್ಣೆಯ ಮೇಲೆ ಕೂರುತ್ತಿತ್ತು.
ಲಾದಿ ಅಜ್ಜಿ ಬೆರಳಿನಿಂದ ಕೆನೆಯ ಹಾಗೆ ಅದನ್ನು ತೆಗೆದು
ಮೊಣಕಾಲಿಗೆ ಹಚ್ಚಿಕೊಂಡಳು.

ಆಗ ಸೈಕಲ್ ಮೇಲೆ ಫುಸೇನಾಳ ಮಗ ತಿಯುಂಬಾ.
ಸೀಟಿಗೆ ಎಟುಕದೆ ಕಂಬಿಯೊಳಗೆ ಕಾಲು ತೂರಿಸಿ ತುಳಿಯುತ್ತ,
ಹ್ಯಾಂಡಲಿಗೆ ತಲೆಕೆಳಗಾಗಿ ಎರಡು ಗಿನಿಕೋಳಿ,
ಕೊರಳಲ್ಲಿ ಬೀಗದಕೈ.
ಓದಿದ ಪಾಠದ ಹಾಗೆ ಒಪ್ಪಿಸಿದ:
"ಅಮ್ಮ ಹೇಳಿದಳು, ಕೈ ಕೊಟ್ಟಿದ್ದೇನೆ, ಸಿಟ್ಟು ಕೊಟ್ಟಿಲ್ಲ.
ದಂಡ ಒಂದು ಸೆಡಿ. ಇನ್ನೊಂದು ನೀವು ನಕ್ಕದ್ದಕ್ಕೆ."

ನಿಯಮ ಇದೆಯಲ್ಲ, ಎಂದಳು ಸನಾತು,
ಕೈ ಇದ್ದವರೇ ಬರಬೇಕು.
ನಿಯಮ ಬರೆದಾಗ, ಎಂದಳು ಅಜ್ಜಿ,
ಇವನು ಹೊಟ್ಟೆಯೊಳಗಿದ್ದ. ಆಗಲೂ ಸಭೆಗೆ ಬಂದಿದ್ದಾನೆ.
ಈ ಸಲ ಯಾರೂ ನಗಲಿಲ್ಲ,
ನಗಬಹುದೋ ಏನೋ ಗೊತ್ತಾಗದೆ.

ಹುಡುಗ ಮೊದಲು ತಪ್ಪು ಕಡೆ ತಿರುಗಿಸಿದ.
ಆಮೇಲೆ ಸರಿಯಾಗಿ.

ಅಝಾರಾ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು,
ಲಾರಿಯ ಕಡೆ ಓಡಿದಳು. ಚಪ್ಪಲಿ ಒಂದು ಇಲ್ಲೇ ಉಳಿಯಿತು.
ಪುಸ್ತಕದಲ್ಲಿ ಬರೆದರು: ದಂಡ, ಅರ್ಧ.

ಹೋಗುವಾಗ ಹುಡುಗ ನನ್ನ ಹತ್ತಿರ ನಿಂತ.
ಅವನಮ್ಮನ ಬುರುಡೆ ಹೋದ ಸಂತೆಯಿಂದ ಇಲ್ಲೇ ಇದೆ,
ಹನ್ನೊಂದು ಹೊಲಿಗೆ, ಎಲ್ಲ ಮುಗಿದಿದೆ,
ನನ್ನ ಬೆನ್ನ ಹಿಂದೆ, ಬೇವಿನ ಕೊಂಬೆಯಲ್ಲಿ.
"ಆಯಿತಾ?" ಎಂದ.

"ಇನ್ನೂ ಇಲ್ಲ," ಎಂದೆ.
"ಬರುವ ಸಂತೆಗೆ ಅವಳೇ ಬರಲಿ. ನೋಡಿ ತಗೊಳ್ಳಲಿ."