ಕರೆಂಟು ಹೋದಾಗ

ಫಾರ್ಮಿನಲ್ಲಿ ಒಂದು ಚೌಕವಿತ್ತು: ಅನುಭವ, ವರ್ಷಗಳಲ್ಲಿ.
ಗೆರೆ ಎಳೆಯಲೋ ಸೊನ್ನೆ ಬರೆಯಲೋ ತಿಳಿಯದೆ
ಪೆನ್ನಿನ ತುದಿ ಊರಿದೆ. ಒಂದು ಚುಕ್ಕೆ ಉಳಿಯಿತು.

ವೆರ್ಣಾದ ಮೀನಿನ ಕಂಪನಿ. ಕೋಲ್ಡ್ ಸ್ಟೋರೇಜಿಗೆ
ಸ್ಟೋರ್ ಕೀಪರ್ ಬೇಕು, ಒಬ್ಬರೇ.
ಬೆಂಚಿನ ಮೇಲೆ ಏಳು ಜನ. ಆರು ಜನರ ಫೈಲು ದಪ್ಪ.
ನನ್ನದರಲ್ಲಿ ಬಿ.ಕಾಂ. ಮಾರ್ಕ್ಸ್ ಕಾರ್ಡು,
ಝುವಾರಿನಗರದ ವಿಳಾಸಕ್ಕೆ ಪಂಚಾಯ್ತಿಯ ಸಿಕ್ಕಾ,
ಮತ್ತೆ, ದಪ್ಪ ಕಾಣಲೆಂದು ಅವ್ವ ತುರುಕಿದ
ಹಳೆಯ ಕ್ಯಾಲೆಂಡರಿನ ರಟ್ಟು.

ಪಕ್ಕದಲ್ಲಿ ಆಂತೋನ್ ಕುಲಾಸೊ. ಇಪ್ಪತ್ತೆರಡು ವರ್ಷ
ಇದೇ ಕೆಲಸ, ಮಡಗಾಂವಿನಲ್ಲಿ.
ಆ ಗೋದಾಮು ಈಗ ಮದುವೆಯ ಹಾಲ್ ಆಗಿದೆಯಂತೆ.
"ತಂಪು ಹಾಗೇ ಇದೆ," ಎಂದು ನಕ್ಕರು, "ಎಸಿ ಹಾಕಿದ್ದಾರೆ."
ನನ್ನ ಕಾಲು ಕುಣಿಯುವುದನ್ನು ನೋಡಿ ಹಿಂದಿಯಲ್ಲಿ ಹೇಳಿದರು:
"ಕುರ್ಚಿಯ ತುದಿಗೆ ಕೂರಬೇಡ ಮಗಳೇ.
ತುದಿಗೆ ಕೂತವರನ್ನು ಎಬ್ಬಿಸುವುದು ಸುಲಭ."

ಕಲಿಯುತ್ತೇನೆ ಸಾರ್, ಬೇಗ ಕಲಿಯುತ್ತೇನೆ ಸಾರ್...
ಕದಂಬ ಬಸ್ಸಿನಲ್ಲಿ ದಾರಿಯುದ್ದಕ್ಕೂ
ಬಾಯಿಪಾಠ ಮಾಡಿದ್ದು ಇದೊಂದೇ ಸಾಲು.
ಒಳಗೆ ಸಾರ್ ಇರಲಿಲ್ಲ. ಕೆರ್ಕರ್ ಬಾಯಿ ಇದ್ದರು,
ಕನ್ನಡಕ ಹಣೆಯ ಮೇಲೆ, ಚಹಾ ಆರಿತ್ತು.
"ದಾಕ್ಷಾಯಣಿ ಮೆಣ... ಮೆಣಸಿ..."
"ಮೆಣಸಿನಕಾಯಿ, ಮೇಡಂ. ಮಿರ್ಚಿ."
ನಗಲಿಲ್ಲ ಅವರು.
"ಹೊರಗಿನ ಆರು ಜನರನ್ನು ಬಿಟ್ಟು ನಿನ್ನನ್ನೇ ಯಾಕೆ ತಗೋಬೇಕು?"

ಬಾಯಿಪಾಠದ ಸಾಲು ನಾಲಿಗೆಗೆ ಬಂದು ವಾಪಸು ಹೋಯಿತು.
ಹಿಂದಕ್ಕೆ ಸರಿದು ಕೂತೆ, ಬೆನ್ನಿಗೆ ಕುರ್ಚಿ ಸಿಕ್ಕಿತು.
"ಗೊತ್ತಿಲ್ಲ ಮೇಡಂ. ಅವರ ಹತ್ತಿರ ಏನಿದೆಯೋ ನಾನು ನೋಡಿಲ್ಲ.
ಕೇಳಿ, ಗೊತ್ತಿದ್ದದ್ದು ಹೇಳುತ್ತೇನೆ."

ಕನ್ನಡಕ ಕೆಳಗಿಳಿಯಿತು.
"ಬೇಸಗೆ. ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಯಿತು,
ಜನರೇಟರ್ ಹತ್ತಲಿಲ್ಲ. ಒಳಗೆ ನಾಲ್ಕು ಟನ್ ಬಂಗಡೆ.
ಮೊದಲು ಏನು ಮಾಡುತ್ತೀ?"

ಪುಸ್ತಕದಲ್ಲಿ ಇರಲಿಲ್ಲ. ಖಾರಿವಾಡೆಯ ಜೆಟ್ಟಿಯಲ್ಲಿ ಇತ್ತು:
ನಸುಕಿನ ನಾಲ್ಕಕ್ಕೆ ಅವ್ವ ಬರ್ಫ ಒಡೆಯುತ್ತಾಳೆ,
ಬೆರಳು ಮರಗಟ್ಟಿ ಸೆರಗು ಸಿಕ್ಕಿಸಲು ಬಾರದು.
ಹತ್ತನೇ ಇಯತ್ತೆಯ ರಜೆಯಿಂದ ನಾನು ಪೆಟ್ಟಿಗೆ ಎಣಿಸುತ್ತೇನೆ,
ನೋಟ್‌ಬುಕ್ಕಿನಲ್ಲಿ, ಐದೈದು ಗೆರೆಗೆ ಒಂದು ಕಟ್ಟು.
ಒಮ್ಮೆ ಮುಚ್ಚಳ ಎತ್ತಿ ಎತ್ತಿ ನೋಡುತ್ತಿದ್ದಾಗ
ತಲೆಗೊಂದು ಮೊಟಕಿ ಅಂದಿದ್ದಳು:
"ತಣ್ಣಗ ಅದನೋ ಇಲ್ಲೋ ಅಂತ ಸಾರಿ ಸಾರಿಗೆ ತಗದು ನೋಡಬ್ಯಾಡ.
ನೋಡಿದವರೆಲ್ಲಾ ಒಂದೀಟು ತಂಪು ಒಯ್ತಾರ."

"ಬಾಗಿಲು ಹಾಕುತ್ತೇನೆ," ಅಂದೆ. "ಯಾರಿಗೂ ತೆಗೆಯಗೊಡುವುದಿಲ್ಲ,
ಮಾಲೀಕರು ಬಂದರೂ.
ಹಾಕಿದ ಗಂಟೆ ಬರೆದಿಟ್ಟು ಆಮೇಲೆ ಫೋನು ಮಾಡುತ್ತೇನೆ."
"ಎಲ್ಲಿ ಕಲಿತೆ?"
ಚುಕ್ಕೆ ಬಿದ್ದ ಚೌಕದ ಮೇಲೆ ಅವರ ಬೆರಳಿತ್ತು.
ರಜೆ ರಜೆ ಕೂಡಿಸಿದರೆ ಹದಿನಾಲ್ಕು ತಿಂಗಳು, ಅಂದೆ.
ಸಂಬಳದ ಚೀಟಿ ಇಲ್ಲ. ನೋಟ್‌ಬುಕ್ಕು ಇದೆ, ಮೀನು ನಾರುತ್ತದೆ.
ಅವರು ಏನೋ ಬರೆದುಕೊಂಡರು.
ತಲೆಕೆಳಗಾದ ಅಕ್ಷರ, ಓದಲಾಗಲಿಲ್ಲ.

ಮುಂದಿನ ಪಾಳಿ ಕುಲಾಸೊ ಅವರದು.
ಎದ್ದು ಅಂಗಿ ಎಳೆದುಕೊಳ್ಳುತ್ತ ಮೆಲ್ಲಗೆ ಕೇಳಿದರು:
"ಏನು ಕೇಳಿದರು?"
"ಕರೆಂಟು ಹೋದರೆ ಏನು ಮಾಡುತ್ತೀ ಅಂತ."
"ಓ, ಜನರೇಟರ್," ಎಂದರು. ಮುಖ ಹಗುರಾಯಿತು.
ಹತ್ತುವುದಿಲ್ಲ ಅದು, ಎನ್ನುವಷ್ಟು ಹೊತ್ತು ಇತ್ತು.
ಬಾಗಿಲು, ಎಂಬ ಒಂದು ಮಾತಿಗೂ ಇತ್ತು.
ಹಲ್ಲು ಕಚ್ಚಿ ಹಿಡಿದೆ. ಅವರು ಒಳಗೆ ಹೋದರು.
ಕುರ್ಚಿಯ ತುಂಬ ಕೂತ ಸದ್ದು ಹೊರಗೂ ಕೇಳಿತು.

ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದ, ಎರಡು ಸಲ.

ಮನೆಯಲ್ಲಿ ಅವ್ವನೂ ಅದನ್ನೇ ಕೇಳಿದಳು: "ಏನ್ ಕೇಳಿದ್ರು?"
ಕೆರ್ಕರ್ ಬಾಯಿಯ ತನಕ ಹೇಳಿದೆ,
ಬೆಂಚಿನ ತನಕ ಬರಲಿಲ್ಲ.
ತನ್ನ ಮೊಟಕು ನೆನಪಾಗಿ ಅವ್ವ ನಕ್ಕಳು,
ನಗುತ್ತಲೇ ಒಲೆಯ ಕಡೆ ತಿರುಗಿ,
"ಬಾಗಲಾ ಹಾಕವಾ, ಸೊಳ್ಳಿ ಬರ್ತಾವ," ಅಂದಳು.

ಹಾಕಲಿಲ್ಲ, ಸ್ವಲ್ಪ ಹೊತ್ತು.
ಬಂದವು ಸೊಳ್ಳೆ.